ಹೌದು ಅನ್ರಿ ಅತ್ತೆ

ದುಡ್ಡನ್ನು ಸುಮ್ಮನೆ ಇಡಬಾರದು ಎಂದು ಯಾರಾದರೂ ಹೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ದಾವಣಗೆರೆಯಲ್ಲಿ ಈ ಮಾತು ಹೇಳದವರು ಉಳಿದಿಲ್ಲ. ಆಟೋದವನು ಹೇಳುತ್ತಾನೆ, ಫೋನಿನೊಳಗೆ ಟೈ ಕಟ್ಟಿಕೊಂಡು ಕೂತ ಹುಡುಗ ಹೇಳುತ್ತಾನೆ, ಜಂಪರಿನ ಅಳತೆಗೆಂದು ಕೈ ಎತ್ತಿ ನಿಂತ ಮೇಷ್ಟ್ರ ಹೆಂಡತಿ ಎತ್ತಿದ ಕೈ ಇಳಿಸದೆಯೇ ಹೇಳುತ್ತಾಳೆ. ಬೆಲೆ ಏರುತ್ತಿದೆಯಂತೆ, ಬಡ್ಡಿ ಇಳಿಯುತ್ತಿದೆಯಂತೆ, ಎಲ್ಲಿ ಯುದ್ಧವಾಗುತ್ತದೋ ಯಾರ ಕೆಲಸ ಹೋಗುತ್ತದೋ ಗೊತ್ತಿಲ್ಲವಂತೆ, ಅದಕ್ಕೇ ದುಡ್ಡನ್ನು ದುಡಿಸಬೇಕಂತೆ. ಮದುವೆಯಾಗಿ ಬಂದಾಗಿನಿಂದ ಹೊಲಿಗೆ ಮಷೀನು ತುಳಿದು ನಾನು ದುಡಿದಿದ್ದೇನೆ. ನನ್ನ ದುಡ್ಡು ಒಂದು ವರ್ಷ ಕಾಲು ಚಾಚಿ ಕೂತರೆ ಇವರ ಗಂಟೇನು ಹೋಗುತ್ತದೆ?

ವಿನೋಬನಗರದಲ್ಲಿ ಒಂದೇ ಶಟರಿನ ಬಾಡಿಗೆ ಅಂಗಡಿಯಲ್ಲಿ ನಾನು ಹೆಂಗಸರ ಬಟ್ಟೆ ಹೊಲಿಯುತ್ತಿದ್ದೆ. ನಮ್ಮ ಮನೆಯವರು ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸಕ್ಕಿದ್ದರು. ಅದು ಮುಚ್ಚಿದಾಗ ಕೈಗೊಂದಿಷ್ಟು ದುಡ್ಡು ಕೊಟ್ಟು ಮನೆಗೆ ಕಳಿಸಿದರು. ಈಗ ಅವರು ಒಂದು ಕಲ್ಯಾಣ ಮಂಟಪದ ಗೇಟಿನಲ್ಲಿ ಕೂರುತ್ತಾರೆ. ಲಗ್ನಗಳ ಕಾಲದಲ್ಲಿ ಊಟವೂ ಅಲ್ಲೇ ಆಗುತ್ತದೆ.

ನನ್ನ ಉಳಿತಾಯಕ್ಕೆ ಯಾವ ಆ್ಯಪೂ ಬೇಕಿರಲಿಲ್ಲ. ದಿನದ ಹೊಲಿಗೆಯ ದುಡ್ಡು ಮನೆ ಖರ್ಚಿಗೆ, ಮದುವೆ ಜಂಪರುಗಳ ದುಡ್ಡು ಚೀಟಿಗೆ. ನಮ್ಮ ಓಣಿಯ ಹೆಂಗಸರೇ ಸೇರಿ ಹಾಕುವ ಚೀಟಿ ಅದು. ತಿಂಗಳಿಗೊಮ್ಮೆ ಯಾರದೋ ಪಡಸಾಲೆಯಲ್ಲಿ ಮಂಡಕ್ಕಿ ತಿನ್ನುತ್ತ ಚೀಟಿಯ ಹರಾಜು ಕೂಗುತ್ತೇವೆ. ಚೀಟಿ ಎತ್ತಿದಾಗ ಒಂದು ಪಾಲು ಬಂಗಾರ, ಒಂದು ಪಾಲು ಬ್ಯಾಂಕು. ಬಂಗಾರದ ರೇಟು ಈಗ ಕೈಗೆ ಸಿಗದ ಹಾಗಾದ ಮೇಲೆ ಎಲ್ಲರೂ ನನ್ನನ್ನು ಜಾಣೆ ಎನ್ನುತ್ತಾರೆ. ಅಗ್ಗವಿದ್ದಾಗ ಇವರೇ ಬಂಗಾರ ಕೊಳ್ಳೋದು ಹಳ್ಳಿಯವರ ಬುದ್ಧಿ ಅಂದಿದ್ದರು. ನಾನು ಜಾಣೆಯೂ ಅಲ್ಲ, ಹಳ್ಳಿಯ ಬುದ್ಧಿಗೆ ನಾಚಿಕೊಂಡವಳೂ ಅಲ್ಲ. ಮುಂದಿನ ವರ್ಷ ಬೇಕಾಗುವ ದುಡ್ಡನ್ನು ಏರಿಳಿಯುವ ಜಾಗದಲ್ಲಿ ಇಡುವುದಿಲ್ಲ, ಅಷ್ಟೇ ನನ್ನ ಹಟ.

ಆ ಹಟಕ್ಕೆ ಒಂದು ಕಾರಣ ಹುಟ್ಟಿಕೊಂಡಿತು. ನನ್ನ ಅಂಗಡಿಯ ಮಾಲೀಕರು ಪಕ್ಕದಲ್ಲೇ ಗಾದಿ ಅಂಗಡಿ ಇಟ್ಟಿದ್ದ ವಯಸ್ಸಾದ ಸಾಹೇಬರು. ಒಂದು ದಿನ ಚಹಾ ತರಿಸಿ, ನನ್ನ ಕಟಿಂಗ್ ಟೇಬಲ್ಲಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ನೋಡಮ್ಮಾ, ಈ ಶಟರ್ ಮಾರಬೇಕು ಅಂತ ಮಾಡೀನಿ. ತಮ್ಮಂದಿರ ಪಾಲು ಐತೆ, ಕಾಗದ ಸಾಫ್ ಆಗ್ಲಿಕ್ಕೆ ಒಂದು ವರ್ಷ ಹಿಡೀತೈತೆ. ಮುಂದಿನ ರಂಜಾನ್ ಆದ ಮ್ಯಾಲೆ ನಿನ್ನ ಹೆಸ್ರಿಗೇ ಮಾಡ್ತೀನಿ. ಮೊಬೈಲ್ ಅಂಗಡಿಯವ್ನು ಕೇಳಿದ, ಇಲ್ಲ ಅಂದೀನಿ."

"ಬರವಣಿಗೆ ಏನಾದ್ರೂ ಮಾಡ್ಕೊಳ್ಳೋಣೇನ್ರಿ?" ಎಂದೆ.

"ಜಬಾನ್ ಕೊಟ್ಟೀನಲ್ಲ, ಮಾತು ಅಂದ್ರೆ ಮಾತು," ಎಂದರು.

ನಮ್ಮ ಮನೆಯವರ ಕಾರ್ಖಾನೆ ದುಡ್ಡು, ನನ್ನ ಚೀಟಿ ದುಡ್ಡು ಕೂಡಿಸಿದರೆ ಶಟರಿಗೆ ಸರಿಯಾಗಿ ಸಾಲುತ್ತಿತ್ತು. ಬಾಡಿಗೆ ಏರಿಸುತ್ತೇನೆ, ಬಿಡು ಎಂದು ಯಾರೂ ಹೇಳಲಾಗದ ಒಂದು ಜಾಗ. ನನ್ನ ಜೀವನದಲ್ಲಿ ಇಷ್ಟು ಆಸೆಪಟ್ಟದ್ದು ಬೇರೆ ಯಾವುದೂ ಇಲ್ಲ. ರಾತ್ರಿ ಮಲಗಿದಾಗ ಆ ಗೋಡೆಗೆ ಯಾವ ಬಣ್ಣ ಎಂದು ಯೋಚಿಸುತ್ತಿದ್ದೆ.

ಒಂದು ವರ್ಷ ಆ ದುಡ್ಡನ್ನು ಎಲ್ಲಿ ಇಡುವುದು ಎಂಬುದಕ್ಕೇ ಮನೆಯಲ್ಲಿ ಜಗಳ ಶುರುವಾಯಿತು. ನಮ್ಮ ಮನೆಯವರಿಗೆ ಷೇರಿನ ಹುಚ್ಚು ಹಿಡಿದಿತ್ತು. ಹರಿಹರದಲ್ಲಿ ಅವರ ಹಳೇ ಕಾರ್ಖಾನೆಯವರು ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಸೇರಿ, ಬೋಲ್ಟು ನಟ್ಟು ಹಿಡಿದ ಕೈಯಲ್ಲಿ ಫೋನು ಹಿಡಿದು ಕೆಂಪು ಹಸಿರು ಗೆರೆ ನೋಡುತ್ತಿದ್ದರು. ಗೆದ್ದವರು ಎಲ್ಲರಿಗೂ ಚಹಾ ಕೊಡಿಸುತ್ತಿದ್ದರು. ಸೋತವರು ಮರುದಿನದಿಂದ ಬರುತ್ತಲೇ ಇರಲಿಲ್ಲ, ಹಾಗಾಗಿ ಅಲ್ಲಿ ಯಾವಾಗ ಹೋದರೂ ಗೆದ್ದವರೇ ಕಾಣುತ್ತಿದ್ದರು. ಇದನ್ನು ಹೇಳಿದರೆ ಮನೆಯವರಿಗೆ ಸಿಟ್ಟು. ಅವರ ಗೆಳೆಯರೊಬ್ಬರು ಆನೆಕೊಂಡದ ಕಡೆ ಸೈಟು ತೋರಿಸುತ್ತೇನೆಂದು ಬಂದರು. ಸೈಟಿಗೆ ದಾರಿ ಎಲ್ಲಿ ಎಂದು ಕೇಳಿದ್ದಕ್ಕೆ ಮುಂದೆ ಬರುತ್ತದೆ ಎಂದರು. ನಾನು ಒಂದೇ ಹಟ ಹಿಡಿದೆ: ಬ್ಯಾಂಕು, ಒಂದು ವರ್ಷದ ಎಫ್‌ಡಿ, ಬೇರೆ ಮಾತಿಲ್ಲ. ಗೆದ್ದೆ ಕೂಡ.

ಬ್ಯಾಂಕಿನಲ್ಲಿ ಒಂದು ಹುಡುಗಿ ಇದ್ದಳು, ನಗುಮುಖದವಳು. ನನ್ನ ಮಾತು ಕೇಳಿ, "ನೀವು ಯಾವ ಊರಿನವ್ರು?" ಎಂದಳು. ತವರು ಹರಿಹರದ ಕಡೆಯ ಸಾರಥಿ ಎಂದೆ. ಕುರ್ಚಿಯಿಂದ ಎದ್ದೇಬಿಟ್ಟಳು. ಅವಳೂ ಸಾರಥಿಯವಳು, ನಮ್ಮ ಮನೆಯಿಂದ ಕೆಳಗಿನ ಓಣಿ. ಅವರಪ್ಪ ನನಗೆ ವರಸೆಯಲ್ಲಿ ಅಣ್ಣನಾಗಬೇಕು. ಅಲ್ಲಿಂದ ನಾನು ಅವಳಿಗೆ ಅತ್ತೆಯಾದೆ.

"ಇಷ್ಟು ದುಡ್ಡಿಗೆ ಲೈನಾಗ ಯಾಕ ನಿಲ್ತೀರಿ ಅತ್ತೆ? ನಾನೇ ಮನೆಗೆ ಬರ್ತೀನಿ," ಎಂದಳು.

ಶುಕ್ರವಾರ ಸಂಜೆ ಬಂದಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದೆ. ತಿನ್ನುತ್ತ ಹೇಳಿದಳು: "ಬರೇ ಎಫ್‌ಡಿಗೆ ಬಡ್ಡಿ ಇಳೀತಾ ಐತೆ ಅತ್ತೆ. ಇದು ಎಫ್‌ಡಿ ಥರದ್ದೇ, ಆದ್ರೆ ಬಡ್ಡಿ ಜಾಸ್ತಿ. ನಮ್ಮಪ್ಪಂಗೂ ಇದನ್ನೇ ಮಾಡ್ಸೀನಿ."

"ವರ್ಷಕ್ಕೆ ವಾಪಸ್ ಬೇಕವ್ವಾ. ಅಂಗಡಿ ತಗಳ್ಳೋದೈತೆ," ಎಂದೆ.

"ಬರ್ತೈತೆ ಅತ್ತೆ. ನಾನಿಲ್ವಾ?"

ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿದೆ. ಆಮೇಲೆ ತವರಿನ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದು ಹೇಗೆ? ಮಣೆ ಹಾಕಿ ಕೂರಿಸಿ, ಅರಿಶಿಣ ಕುಂಕುಮ ಕೊಟ್ಟು ಉಡಿ ತುಂಬಿದೆ. ಚೂಡಿದಾರ ಹಾಕಿದ್ದಳು, ಸೆರಗಿಲ್ಲದ್ದಕ್ಕೆ ವೇಲನ್ನೇ ಒಡ್ಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಹಸಿರು ಜಂಪರ್ ಪೀಸು. ನಮ್ಮ ಕಡೆ ಉಡಿ ತುಂಬಿಸಿಕೊಂಡವಳು ಮನೆಮಗಳು. ಅವಳನ್ನು ಅನುಮಾನದಿಂದ ನೋಡುವುದೆಂದರೆ ತುಂಬಿದ ಉಡಿಯಿಂದ ಅಕ್ಕಿ ವಾಪಸ್ಸು ಎತ್ತಿಕೊಂಡ ಹಾಗೆ.

ಅವಳು ಇನ್ನೂ ಮಣೆಯ ಮೇಲಿದ್ದಾಗಲೇ ನನ್ನ ಫೋನು ಬಡಿದುಕೊಂಡಿತು. ಕಂಪನಿಯಿಂದ ಎಂದಳು. ಸ್ಪೀಕರಿಗೆ ಹಾಕಿಕೊಟ್ಟಳು. ಯಾವಳೋ ಹೆಣ್ಣು ಗಡಗಡ ಓದುತ್ತ ಹೋದಳು. ಇದು ವಿಮೆ ಎಂದು ನಿಮಗೆ ತಿಳಿಸಿದ್ದಾರಾ, ಪ್ರತಿ ವರ್ಷ ಕಟ್ಟಬೇಕು ಎಂದು ಗೊತ್ತಿದೆಯಾ. ನನಗೆ ಆ ಮಾತು ಎಲ್ಲೋ ಚುಚ್ಚಿತು. ಹುಡುಗಿಯ ಮುಖ ನೋಡಿದೆ. ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದನಿ ತಗ್ಗಿಸಿ ಹೇಳಿದಳು: "ಎಲ್ಲಾರಿಗೂ ಹಿಂಗೇ ಕೇಳ್ತಾರೆ. ಹೌದು ಅನ್ರಿ ಅತ್ತೆ."

ಹೌದ್ರಿ ಎಂದೆ. ಕೇಳಿದ್ದಕ್ಕೆಲ್ಲ ಹೌದ್ರಿ ಎಂದೆ. ಹೋಗುವಾಗ ನನಗೂ ಮನೆಯವರಿಗೂ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಮುಂದಿನ ರಂಜಾನ್ ಹತ್ತಿರ ಬಂದಾಗ ಫೋನಿಗೆ ಒಂದು ಮೆಸೇಜು ಬಂತು. ಮೊದಲು ಕಟ್ಟಿದ್ದಷ್ಟನ್ನೇ ಮತ್ತೆ ಕಟ್ಟಬೇಕು, ಇಲ್ಲದಿದ್ದರೆ ಪಾಲಿಸಿ ನಿಲ್ಲುತ್ತದೆ ಎಂದಿತ್ತು. ಯಾರದೋ ಮೆಸೇಜು ನನಗೆ ಬಂದಿದೆ ಎಂದುಕೊಂಡೇ ಬ್ಯಾಂಕಿಗೆ ಹೋದೆ. ಮನೆಯವರೂ ಜೊತೆಗೆ ಬಂದರು. ಹುಡುಗಿಗೆ ಹರಿಹರದ ಶಾಖೆಗೆ ವರ್ಗವಾಗಿತ್ತು. ಮ್ಯಾನೇಜರು ಕಂಪ್ಯೂಟರು ನೋಡಿ, ಹವಾಮಾನ ಹೇಳಿದ ಹಾಗೆ ಹೇಳಿದರು.

"ಇದು ಎಫ್‌ಡಿ ಅಲ್ಲಮ್ಮ, ಪಾಲಿಸಿ. ಪ್ರತಿ ವರ್ಷ ಕಟ್ಬೇಕು. ಐದು ವರ್ಷ ತೆಗೆಯಂಗಿಲ್ಲ."

"ಯಾರ್ರಿ ಕೇಳಿದ್ರು ಪಾಲಿಸಿ? ನಾನು ಎಫ್‌ಡಿ ಅಂದಿದ್ದೆ."

"ಸೈನು ನಿಮ್ದೇ ಅಲ್ವಾ? ಬ್ಯಾಡ ಅನ್ನೋಕೆ ಒಂದು ತಿಂಗಳು ಟೈಮ್ ಇತ್ತು. ಮೇಲ್ ಬಂದಿರ್ತೈತೆ, ನೋಡ್ಕೊಂಡಿಲ್ವಾ?"

ಆ ಮೇಲ್ ಐಡಿಯನ್ನು ನನಗೆ ಮಾಡಿಕೊಟ್ಟವಳೇ ಆ ಹುಡುಗಿ. ಅದನ್ನು ತೆರೆಯುವುದು ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ. ಸೈನು ನಿಮ್ಮದೇ ಅಲ್ವಾ ಎಂಬ ಆ ಒಂದು ಮಾತು ಇವರ ದೊಡ್ಡ ಕೊಡಲಿ. ಅಂಗಡಿ ತಗಳ್ಳೋ ದುಡ್ಡು ಅದು ಎಂದು ನಾನು ಕೂಗಾಡಿದೆ. ಲೈನಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೆಕ್ಯುರಿಟಿಯವನು ಬಂದು, "ಅಕ್ಕಾ, ನಿಧಾನ," ಎಂದ. ಮನೆಯವರು ಮಾತ್ರ ಹೊರಗೆ ಬಂದು, "ಷೇರಿಗಾದ್ರೂ ಹಾಕಿದ್ರೆ ಬೇಕಂದಾಗ ತೆಗೀಬಹುದಿತ್ತು," ಎಂದರು. ಅವತ್ತು ಅವರನ್ನು ಅಲ್ಲೇ ಬಿಟ್ಟು ನಡೆದೇ ಮನೆಗೆ ಹೋದೆ.

ಮರುದಿನ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಹೊಲಿದು ಇಟ್ಟುಕೊಂಡಿದ್ದೆ. ನನ್ನನ್ನು ನೋಡಿದ ಕೂಡಲೆ ಅವಳ ಮುಖ ಬಿಳಿಚಿತು. ಕೈ ಹಿಡಿದು ಹೊರಗೆ, ಸ್ಕೂಟರು ನಿಲ್ಲಿಸುವ ಹೊಂಗೆ ಮರದ ಕೆಳಗೆ ಕರೆದುಕೊಂಡು ಬಂದಳು.

"ತವರಿನ ಹೆಸ್ರು ಹೇಳಿ ನನ್ನ ಕುತ್ತಿಗೆ ಕೊಯ್ದೆಯಲ್ಲೇ," ಎಂದೆ.

"ನಂಗೆ ಟಾರ್ಗೆಟ್ ಇತ್ತು ಅತ್ತೆ. ದಿನಾ ಬೆಳಗ್ಗೆ ಎಲ್ಲರ ಮುಂದೆ ನಿಲ್ಲಿಸಿ ಬೈತಿದ್ರು. ನಿಮ್ಮ ಅಕೌಂಟಿಗೆ ದುಡ್ಡು ಬಂದಿದ್ದನ್ನ ಮ್ಯಾನೇಜರ್ ಸಾರೇ ತೋರಿಸಿದ್ರು. ಮಾತಾಡ್ಸು, ನಿಮ್ಮೂರ ಕಡೆಯವ್ರಾದ್ರೆ ಮನೆಗೇ ಹೋಗು, ಎಫ್‌ಡಿ ಥರ ಅನ್ನು ಅಂದ್ರು."

"ನಿಮ್ಮಪ್ಪಂಗೂ ಮಾಡ್ಸೀನಿ ಅಂತ ಸುಳ್ಳು ಬ್ಯಾರೆ ಹೇಳ್ದಿ."

ಅವಳು ತಲೆ ಎತ್ತಲಿಲ್ಲ. "ಸುಳ್ಳಲ್ಲ ಅತ್ತೆ. ರಸ್ತೆಗೆ ಹೋದ ಜಮೀನಿನ ದುಡ್ಡು ಇತ್ತು. ಮೊದಲನೇ ಪಾಲಿಸಿ ಅಪ್ಪಂದೇ. ಮೆಸೇಜೆಲ್ಲ ನನ್ನ ಫೋನಿಗೇ ಬರ್ತಾವೆ, ಅವ್ರಿಗೆ ಇನ್ನೂ ಗೊತ್ತಿಲ್ಲ."

ಹೊಲಿದು ತಂದಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಕನಿಕರ ಬಂತು ಎಂದುಕೊಳ್ಳಬೇಡಿ. ಹೆತ್ತ ಅಪ್ಪನನ್ನು ಮೊದಲು ಬಲಿ ಕೊಟ್ಟು ಆಮೇಲೆ ಅತ್ತೆಯ ಮನೆಗೆ ಬಂದವಳ ಮೇಲೆ ಇನ್ನೂ ಹೆಚ್ಚೇ ಸಿಟ್ಟು ಬಂತು. ಅದರ ಜೊತೆಗೆ, ತಣ್ಣಗಿನ ಕೋಣೆಯಲ್ಲಿ ಕೂತು ಯಾರ ಅಕೌಂಟಿಗೆ ಎಷ್ಟು ಬಂತು, ಯಾರು ಯಾವ ಊರಿನವರು ಎಂದು ನೋಡಿ ಈ ಹುಡುಗಿಯನ್ನು ನನ್ನ ಪಡಸಾಲೆಗೆ ಕಳಿಸಿದವನ ಮೇಲೆ ಬಂದ ಸಿಟ್ಟು ಬೇರೆ. ಅವಳು "ಕಂಪ್ಲೇಂಟ್ ಬ್ಯಾಡ್ರಿ ಅತ್ತೆ" ಎನ್ನುತ್ತಿದ್ದ ಹಾಗೆಯೇ ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಕಂಪ್ಲೇಂಟು ಕೊಡುತ್ತೇನೆಂದು ಮತ್ತೆ ಬ್ಯಾಂಕಿಗೆ ಹೋದಾಗ ಮ್ಯಾನೇಜರು ನಮ್ಮನ್ನು ಒಳಗೆ ಕರೆದು ಕೂರಿಸಿದರು. ನನ್ನ ಬಾಯಿ ಮುಚ್ಚಿಸಲು ಕಂಪನಿಯಿಂದ ಅವತ್ತಿನ ಫೋನಿನ ರೆಕಾರ್ಡಿಂಗ್ ತರಿಸಿಟ್ಟಿದ್ದರು. "ಕೇಳ್ರಿ, ನಿಮ್ದೇ ಧ್ವನಿ," ಎಂದು ಹಚ್ಚಿದರು. ಆ ಹೆಣ್ಣು ಗಡಗಡ ಓದಿತು. ನಾನು ಹೌದ್ರಿ ಎಂದೆ. ರೆಕಾರ್ಡಿಂಗಿನೊಳಗೆ ನಮ್ಮ ಮನೆಯ ಕುಕ್ಕರ್ ಕೂಗಿತು. ನನ್ನ ಧ್ವನಿ ಕೇಳಿ ನನಗೇ ಅಸಹ್ಯವಾಯಿತು. ಆಗ, ಪ್ರತಿ ವರ್ಷ ಕಟ್ಟಬೇಕು ಎಂಬ ಮಾತಾದ ಮೇಲೆ, ನನ್ನ ಹೌದ್ರಿಗಿಂತ ಮೊದಲು ಇನ್ನೊಂದು ದನಿ ಕೇಳಿತು. ಸಣ್ಣಗೆ, ಆದರೆ ಸ್ಪಷ್ಟವಾಗಿ: ಹೌದು ಅನ್ರಿ ಅತ್ತೆ.

ಮ್ಯಾನೇಜರು ತಟ್ಟನೆ ನಿಲ್ಲಿಸಿದರು.

"ಇನ್ನೊಂದ್ಸಲ ಹಚ್ರಿ," ಎಂದೆ.

ಹಚ್ಚಲಿಲ್ಲ. ಮಾತಿನ ಧಾಟಿಯೇ ಬದಲಾಯಿತು. ಚಹಾ ತರಿಸಿದರು. "ಒಂದು ಕೆಲಸ ಮಾಡ್ರಿ. ಆ ಹುಡುಗಿ ಒಬ್ಬಳೇ ನಿಮಗೆ ತಪ್ಪು ಹೇಳಿ ಮಾಡ್ಸಿದ್ಳು ಅಂತ ಬರ್ಕೊಡ್ರಿ. ನಾವು ಅವಳ ಮ್ಯಾಲೆ ಆ್ಯಕ್ಷನ್ ತಗೊಳ್ತೀವಿ, ನಿಮ್ಮ ದುಡ್ಡು ಬೇಗ ಬರೋ ಹಂಗೆ ನಾನು ನೋಡ್ಕೊಳ್ತೀನಿ. ಅಂಗಡಿ ತಗಳ್ಳೋದೈತೆ ಅಂದ್ರಲ್ಲ."

ನನ್ನ ಅಂಗಡಿಯ ವಿಷಯ ಅವರಿಗೆ ನೆನಪಿತ್ತು. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ನಮ್ಮ ಮನೆಗೆ ಅವಳನ್ನ ಕಳ್ಸಿದ್ದು ಯಾರ್ರಿ?" ಎಂದೆ. ಅವರು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು.

ಮನೆಗೆ ಬಂದ ಮೇಲೆ ಮನೆಯವರು, "ಅವ್ರು ಹೇಳ್ದಂಗೆ ಬರ್ದು ಬಿಸಾಕು. ನಮಗ್ಯಾಕ ಊರ ಉಸಾಬರಿ? ರಂಜಾನ್ ಬಂತು," ಎಂದರು. ಅವರದು ತಪ್ಪಲ್ಲ. ನನ್ನ ಅಂಗಡಿಯ ಆಸೆಯೂ ಅದನ್ನೇ ಹೇಳುತ್ತಿತ್ತು. ಆದರೆ ಅವಳೊಬ್ಬಳ ಹೆಸರು ಬರೆದರೆ, ಆ ಮನುಷ್ಯ ನಾಳೆ ಬೆಳಗ್ಗೆ ಇನ್ನೊಬ್ಬ ಹುಡುಗಿಯನ್ನು ನಿಲ್ಲಿಸಿ ಬೈದು, ಇನ್ನೊಂದು ಓಣಿಗೆ, ಇನ್ನೊಬ್ಬಳ ಅತ್ತೆಯ ಮನೆಗೆ ಕಳಿಸುತ್ತಾನೆ. ನನಗೆ ಅರ್ಧ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ. ಕನ್ನಡದಲ್ಲೇ ಬರೆದೆ. ಹುಡುಗಿ ಹೇಳಿದ್ದು, ಹುಡುಗಿಗೆ ಹೇಳಿಕೊಟ್ಟವರು, ಫೋನಿನಲ್ಲಿ ಸಿಕ್ಕ ಧ್ವನಿ, ಎಲ್ಲ. ಅದನ್ನು ಬ್ಯಾಂಕಿನ ದೊಡ್ಡ ಕಚೇರಿಗೆ, ಕಂಪನಿಗೆ, ಇನ್ನೂ ಮೇಲಿನವರಿಗೆ ಕಳಿಸಿದೆ. ಮನೆಯವರು ಒಂದು ವಾರ ನನ್ನ ಕೈಯ ಊಟವನ್ನು ಮಾತಿಲ್ಲದೆ ಉಂಡರು.

ವಿಚಾರಣೆ ಎಂದರು. ದಾಖಲೆ ಎಂದರು. ನಿಮ್ಮ ದೂರು ಪರಿಶೀಲನೆಯಲ್ಲಿದೆ ಎಂಬ ಮೆಸೇಜು ಮತ್ತೆ ಮತ್ತೆ ಬಂತು. ರಂಜಾನ್ ಮುಗಿಯಿತು. ಸಾಹೇಬರು ಕಾದರು. ಬಕ್ರೀದಿನವರೆಗೂ ಕಾದರು. ಅವರ ತಮ್ಮಂದಿರು ದಿನಾ ಅಂಗಡಿಗೆ ಬಂದು ಉರ್ದುವಿನಲ್ಲಿ ಜಗಳ ಮಾಡುವುದು ನನಗೆ ಮಷೀನಿನ ಸದ್ದಿನ ಮೇಲೂ ಕೇಳುತ್ತಿತ್ತು. ಓಣಿಯವರು ಚೀಟಿಯಲ್ಲಿ ಆ ತಿಂಗಳು ನನ್ನ ಎದುರು ಯಾರೂ ಕೂಗಲಿಲ್ಲ, ನನಗೇ ಬಿಟ್ಟುಕೊಟ್ಟರು. ಬಂಗಾರ ಮಾರಲು ಸಿದ್ಧಳಾದೆ. ಎಲ್ಲ ಸೇರಿಸಿದರೂ ಅರ್ಧಕ್ಕೆ ಬರಲಿಲ್ಲ. ಒಂದು ಬೆಳಗ್ಗೆ ಸಾಹೇಬರು ಸ್ಟೂಲಿನ ಮೇಲೆ ಕೂರದೆ ಬಾಗಿಲಲ್ಲೇ ನಿಂತರು.

"ನನ್ನ ಜಬಾನ್ ಉಳಿಸ್ಕೊಳ್ಳೋಕೆ ಆಗ್ಲಿಲ್ಲಮ್ಮ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಏನೂ ಬರೆದುಕೊಡದ ಮನುಷ್ಯ ನಾಚಿಕೆಯಿಂದ ನಿಂತಿದ್ದರು. ಅಷ್ಟೊಂದು ಕಾಗದ ಬರೆಸಿಕೊಂಡವರು ಫ್ಯಾನಿನ ಕೆಳಗೆ ಆರಾಮಾಗಿದ್ದರು.

ನನ್ನ ಕಟಿಂಗ್ ಟೇಬಲ್ಲು ಅಲ್ಲಿಂದ ಹೊರಬಂದು ನಮ್ಮ ಮನೆಯ ಪಡಸಾಲೆ ಸೇರಿತು. ಶಟರಿನ ಮೇಲೆ ಈಗ ಬಣ್ಣದ ದೀಪ ಮಿನುಗುವ ಮೊಬೈಲಿನ ಬೋರ್ಡಿದೆ. ಅದಾಗಿ ಸ್ವಲ್ಪ ದಿನಕ್ಕೇ ದುಡ್ಡು ಬಂತು. ಹಾಕಿದ್ದಷ್ಟೂ ಬಂತು, ಬಡ್ಡಿ ಇಲ್ಲ. ಬ್ಯಾಂಕಿನಿಂದ ಯಾರೋ ಫೋನು ಮಾಡಿ, "ಪೂರ್ತಿ ಬಂದಿದೆ ಅಲ್ವಾ ಮೇಡಂ, ನಿಮಗೇನೂ ನಷ್ಟ ಆಗಿಲ್ಲ," ಎಂದರು. ಹೌದು ಅನ್ನಲಿಲ್ಲ. ಫೋನು ಇಟ್ಟೆ. ಮ್ಯಾನೇಜರನ್ನು ಬೇರೆ ಊರಿಗೆ ಹಾಕಿದರಂತೆ. ಹುಡುಗಿಯನ್ನು ಮನೆಗೆ ಕಳಿಸಿದರಂತೆ.

ಅಂಗಡಿ ಹೋಯಿತಲ್ಲ, ಅವರು ಹೇಳಿದ ಹಾಗೆ ಬರೆದುಕೊಡಬೇಕಿತ್ತು ಅನ್ನಿಸುವುದಿಲ್ಲವೇ ಎಂದು ಕೇಳುತ್ತಾರೆ. ಅಂಗಡಿಯ ಮುಂದೆ ಹಾಯುವಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆದರೂ ಹಾಗನ್ನಿಸುವುದಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಅವಳು ಬಂದಳು. ಬಾಗಿಲಲ್ಲಿ ನಿಂತು, "ಒಳಗೆ ಬರ್ಲಾ ಅತ್ತೆ?" ಎಂದಳು. ಸೊರಗಿದ್ದಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಅವರಪ್ಪನ ಪಾಲಿಸಿಯ ಕಾಗದಗಳು. ಪಾಲಿಸಿ ನಿಂತಿತೆಂಬ ಕಾಗದ ಕೊನೆಗೆ ಅವರಪ್ಪನ ಕೈಗೇ ಸೇರಿತ್ತು. ಮಗಳನ್ನು ಏನೂ ಕೇಳಲಿಲ್ಲವಂತೆ, ಮಾತೇ ಬಿಟ್ಟಿದ್ದಾರಂತೆ.

"ನೀವು ಬರೇ ನನ್ನ ಹೆಸ್ರೊಂದೇ ಬರೀಲಿಲ್ಲ, ಕಳ್ಸಿದವ್ರದ್ದೂ ಬರೆದ್ರಿ. ಅದಕ್ಕೇ ಬಂದೆ. ಅಪ್ಪಂದೂ ನಿಮ್ಮಂಗೇ ಒಂದು ಬರೆದುಕೊಡ್ರಿ ಅತ್ತೆ."

"ನಾನ್ಯಾಕ ಬರೀಲಿ? ಕೂಡು. ನೀನೇ ಬರಿ," ಎಂದು ಕಟಿಂಗ್ ಟೇಬಲ್ಲಿನ ಮೇಲಿನ ಬಟ್ಟೆ ಸರಿಸಿ ಹಾಳೆ, ಪೆನ್ನು ಕೊಟ್ಟೆ. ಕಳೆದ ಸಲ ಮಣೆ ಹಾಕಿ ಕೂರಿಸಿದ್ದ ಪಡಸಾಲೆಯೇ ಅದು.

ಬರೆದಳು. ಯಾರು ಟಾರ್ಗೆಟ್ ಕೊಟ್ಟರು, ಏನು ಹೇಳಿಕೊಟ್ಟರು, ಅಪ್ಪ ಏನೆಂದು ತಿಳಿದು ದುಡ್ಡು ಕೊಟ್ಟರು. ಅಕ್ಷರ ಮುತ್ತಿನ ಹಾಗಿದ್ದವು. ನಾನು ಮಷೀನಿನ ಮುಂದೆ ಕೂತು ಒಂದು ತೋಳು ಜೋಡಿಸುತ್ತ ಕೇಳುತ್ತಿದ್ದೆ.

"ಕಂಪನಿ ಫೋನ್ ಬಂದಾಗ ನಿಮ್ಮಪ್ಪ ಏನಂದ?"

"ಹೌದು ಅಂದ್ರು."

"ಯಾಕ ಅಂದ?"

ಪೆನ್ನು ನಿಂತಿತು. ನಾನು ಮಷೀನು ನಿಲ್ಲಿಸಿದೆ.

"ಏನಂತ ಬರೀಲಿ ಅತ್ತೆ?"

"ಪಕ್ಕದಾಗ ಕೂತು ಹೌದು ಅನ್ನಪ್ಪಾ ಅಂದೋಳು ಯಾರು, ಅವಳ ಹೆಸ್ರು ಬರಿ."

ಆಗ ಯಾರೋ ಜಂಪರು ತೆಗೆದುಕೊಂಡು ಹೋಗಲು ಬಂದರು. ಹುಕ್ಕು ಸರಿಮಾಡಿ, ಮಡಚಿ, ಕವರಿಗೆ ಹಾಕಿ ಕೊಟ್ಟು ಕಳಿಸಿ ತಿರುಗಿ ನೋಡಿದರೆ ಹೆಸರು ಬರೆದಿದ್ದಳು. ಪೂರ್ತಿ ಹೆಸರು, ಅಪ್ಪನ ಹೆಸರು, ಊರು. ಮೇಜಿನ ಅಂಚು ಹಿಡಿದುಕೊಂಡು ಅಳುತ್ತಿದ್ದಳು. ಸಮಾಧಾನ ಹೇಳಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟೆ. ಕುಡಿದಳು. ದೂರನ್ನು ಎಲ್ಲೆಲ್ಲಿಗೆ ಕಳಿಸಬೇಕೆಂದು ಹೇಳಿದೆ, ಬರೆದುಕೊಂಡಳು.

ಹೊರಟವಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಅವತ್ತು ಶುಕ್ರವಾರ. ವೇಲಿನ ತುದಿ ಅವಳ ಕೈಯಲ್ಲಿತ್ತು. ನಿಂತದ್ದು ಯಾಕೆಂದು ನನಗೆ ಗೊತ್ತಾಯಿತು, ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

"ಹುಷಾರಾಗಿ ಹೋಗು," ಎಂದೆ. ಉಡಿ ತುಂಬಲಿಲ್ಲ.